ತಕ್ಕಡಿಯ ಎರಡು ತಟ್ಟೆಗಳು: ಲಸಿಕೆ, ಭಯ ಮತ್ತು ನಮ್ಮ ಮಕ್ಕಳು – ಒಂದು ಚಾರಿತ್ರಿಕ ನೋಟ



ಪ್ರತಿ ವರ್ಷ ಶಾಲೆ ಆರಂಭವಾದ ಕೆಲವು ವಾರಗಳಲ್ಲಿ ನಮ್ಮ ಚಿಕ್ಕಜಾಲದ ಸುತ್ತಮುತ್ತಲಿನ ಪೋಷಕರು ಶಿಕ್ಷಕರನ್ನು ಒಂದು ಪ್ರಶ್ನೆ ಕೇಳುತ್ತಾರೆ. "ಮೇಷ್ಟ್ರೇ, ಶಾಲೆಯಲ್ಲಿ ಸೂಜಿ ಹಾಕಲು ಬರುತ್ತಾರಂತೆ. ಹಾಕಿಸಬಹುದಾ? ಆಮೇಲೆ ಜ್ವರ ಬರುತ್ತದಂತೆ, ಕೈ ಊದುತ್ತದಂತೆ, ಇನ್ನೂ ಏನೇನೋ ಆಗುತ್ತದಂತೆ." ಇವರಲ್ಲಿ ಬಡವರಿದ್ದಾರೆ, ಓದಿದವರಿದ್ದಾರೆ, ವಿಮಾನ ನಿಲ್ದಾಣದಲ್ಲಿ ನೌಕರಿ ಮಾಡುವವರೂ ಇದ್ದಾರೆ. ಮಗುವಿನ ಮೇಲಿನ ಪ್ರೀತಿಯಿಂದಲೇ ಈ ಪ್ರಶ್ನೆ ಹುಟ್ಟುತ್ತದೆ. ಆದ್ದರಿಂದ ಕೇಳುವವರನ್ನು ಅಜ್ಞಾನಿಗಳೆಂದು ಗದರಿಸುವುದು ಸರಿಯಲ್ಲ. ಹಾಗೆಂದು ಉತ್ತರ ಕೊಡದೆ ಬಿಡುವುದೂ ಸರಿಯಲ್ಲ.

ಇದು ವೈದ್ಯರ ಲೇಖನವಲ್ಲ. ಉರ್ದು ಮತ್ತು ಕನ್ನಡ ಕಲಿಸುವ ಒಬ್ಬ ಶಿಕ್ಷಕನ ಲೇಖನ. ಔಷಧದ ಸಲಹೆಯನ್ನು ವೈದ್ಯರೇ ಕೊಡಬೇಕು. ಆದರೆ ತಂದೆತಾಯಂದಿರು ಲಸಿಕೆಯ ಲಾಭವನ್ನೂ ತೊಂದರೆಯನ್ನೂ ತೂಗಿ ನೋಡಿದ ಒಂದು ದೀರ್ಘ ಇತಿಹಾಸವಿದೆ. ಆ ಇತಿಹಾಸದಲ್ಲಿ ಬಾಗ್ದಾದ್ ಇದೆ, ಮೈಸೂರು ಇದೆ, ಹುಬ್ಬಳ್ಳಿ ಇದೆ, ನಮ್ಮ ಹೆಬ್ಬಾಳವೂ ಇದೆ. ಅದನ್ನು ತಿಳಿದರೆ ಇಂದಿನ ಪ್ರಶ್ನೆಗೆ ಉತ್ತರ ಕಂಡುಕೊಳ್ಳುವುದು ಸುಲಭ.

ಹೆಸರುಗಳಲ್ಲೇ ಇರುವ ಇತಿಹಾಸ

ಮೊದಲು ಪದಗಳನ್ನು ನೋಡೋಣ. ನಮ್ಮ ಅಜ್ಜಿಯಂದಿರ ತೋಳಿನ ಮೇಲೆ ಕಾಸಿನಗಲದ ಒಂದು ಗುರುತು ಇರುತ್ತಿತ್ತು. ಅದೇನೆಂದು ಕೇಳಿದರೆ ಹಳ್ಳಿಯವರು "ದೇವಿ ಹಾಕಿಸಿದ ಗುರುತು" ಎನ್ನುತ್ತಿದ್ದರು. ಸಿಡುಬನ್ನು ಜನರು ಅಮ್ಮ ಎಂದು, ದೇವಿ ಎಂದು ಕರೆದರು. ಆ ರೋಗ ಬಾರದಂತೆ ಹಾಕುವ ಮದ್ದಿಗೂ ಅದೇ ಹೆಸರು ಉಳಿಯಿತು. ಉರ್ದುವಿನಲ್ಲಿ ಸಿಡುಬಿಗೆ ಚೇಚಕ್, ದಡಾರಕ್ಕೆ ಖಸ್ರಾ, ಲಸಿಕೆಗೆ ಟೀಕಾ ಎನ್ನುತ್ತೇವೆ. ಹಣೆಯ ಮೇಲಿಡುವ ಬೊಟ್ಟಿಗೂ ಟೀಕಾ ಎಂದೇ ಹೆಸರು. ಚರ್ಮದ ಮೇಲೆ ಒಂದು ಚುಕ್ಕೆಯಷ್ಟು ಗುರುತು ಮಾಡುವುದು ಎಂಬ ಅರ್ಥ ಎರಡರಲ್ಲೂ ಇದೆ. ಇಂಗ್ಲಿಷಿನ ವ್ಯಾಕ್ಸಿನ್ ಎಂಬ ಪದ ಲ್ಯಾಟಿನ್ ಭಾಷೆಯಲ್ಲಿ ಹಸು ಎಂಬ ಅರ್ಥ ಕೊಡುವ ಪದದಿಂದ ಬಂದಿದೆ. ಹಸುವಿಗೂ ಲಸಿಕೆಗೂ ಇರುವ ಸಂಬಂಧವನ್ನು ಮುಂದೆ ನೋಡೋಣ.

ಸಿಡುಬು ಮತ್ತು ದಡಾರ ಎರಡೂ ಬೇರೆ ಬೇರೆ ರೋಗಗಳೆಂದು ವಿವರವಾಗಿ ಬರೆದ ಮೊದಲಿಗರಲ್ಲಿ ಪ್ರಮುಖರು ಹಕೀಮ್ ಅಬೂಬಕರ್ ಅಲ್-ರಾಝಿ. ಒಂಬತ್ತನೆಯ ಮತ್ತು ಹತ್ತನೆಯ ಶತಮಾನಗಳಲ್ಲಿ ಬಾಳಿದ ಅವರು ಬಾಗ್ದಾದಿನ ಆಸ್ಪತ್ರೆಯ ಮುಖ್ಯಸ್ಥರಾಗಿದ್ದರು. ಈ ಎರಡು ರೋಗಗಳ ಬಗ್ಗೆ ಅವರು ಬರೆದ ಅರಬ್ಬಿ ಗ್ರಂಥವನ್ನು ಯುರೋಪಿನವರು ಅನೇಕ ಶತಮಾನಗಳ ಕಾಲ ಓದಿದರು.

ಲಸಿಕೆಗಿಂತ ಮೊದಲು ಇನ್ನೊಂದು ಪದ್ಧತಿ ಇತ್ತು. ಸಿಡುಬಿನ ಗುಳ್ಳೆಯ ಕೀವನ್ನೇ ಸ್ವಲ್ಪ ತೆಗೆದು ಆರೋಗ್ಯವಂತನ ಚರ್ಮದಲ್ಲಿ ಗೀರಿ ಹಚ್ಚುವುದು. ಹಾಗೆ ಮಾಡಿದರೆ ಸಾಮಾನ್ಯವಾಗಿ ರೋಗ ಹಗುರಾಗಿ ಬಂದು ಹೋಗುತ್ತಿತ್ತು, ಮತ್ತೆ ಬರುತ್ತಿರಲಿಲ್ಲ. ಬಂಗಾಳದಲ್ಲಿ ಇದನ್ನು ಮಾಡುವವರಿಗೆ ಟೀಕಾದಾರರೆಂದು ಹೆಸರು. ಉಸ್ಮಾನಿಯಾ ತುರ್ಕರ ನಾಡಿನಲ್ಲಿ ವೃದ್ಧ ಹೆಂಗಸರು ಇದನ್ನು ಮಾಡುತ್ತಿದ್ದರು. ಇಂಗ್ಲೆಂಡಿನ ರಾಯಭಾರಿಯ ಪತ್ನಿ ಲೇಡಿ ಮೇರಿ ವರ್ಟ್ಲಿ ಮಾಂಟೆಗ್ಯು 1718ರಲ್ಲಿ ಇಸ್ತಾಂಬುಲಿನಲ್ಲಿ ತನ್ನ ಮಗನಿಗೆ ಇದನ್ನು ಮಾಡಿಸಿದಳು. 1721ರಲ್ಲಿ ಲಂಡನ್ನಿನಲ್ಲಿ ಮಗಳಿಗೂ ಮಾಡಿಸಿದಳು. ಆಕೆಯ ಮುಖದ ಮೇಲೆ ಸಿಡುಬಿನ ಕಲೆಗಳಿದ್ದವು, ಆಕೆಯ ತಮ್ಮ ಅದೇ ರೋಗದಿಂದ ಸತ್ತಿದ್ದ. ಪದ್ಧತಿಯಲ್ಲಿ ಅಪಾಯವಿದೆ ಎಂಬುದು ಆಕೆಗೂ ಗೊತ್ತಿತ್ತು. ಗೀರಿಸಿಕೊಂಡವರಲ್ಲಿ ನೂರಕ್ಕೆ ಒಬ್ಬಿಬ್ಬರು ಸಾಯುತ್ತಿದ್ದರು. ಆದರೆ ಸಿಡುಬು ತಾನಾಗಿ ಬಂದರೆ ನೂರಕ್ಕೆ ಇಪ್ಪತ್ತು ಮೂವತ್ತು ಮಂದಿ ಸಾಯುತ್ತಿದ್ದರು. ತಾಯಿಯೊಬ್ಬಳು ತಕ್ಕಡಿ ಹಿಡಿದು ಎರಡೂ ತಟ್ಟೆಗಳನ್ನು ನೋಡಿದ ಒಂದು ಹಳೆಯ ಉದಾಹರಣೆ ಇದು.

ಬಾಗ್ದಾದ್ ಮಾರ್ಗವಾಗಿ ಬಂದ ಲಸಿಕೆ

1796ರ ಮೇ 14ರಂದು ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರ್ ಎಂಟು ವರ್ಷದ ಹುಡುಗನೊಬ್ಬನಿಗೆ ಸಿಡುಬಿನ ಕೀವಿಗೆ ಬದಲಾಗಿ ಹಸುವಿನ ಸಿಡುಬಿನ ದ್ರವವನ್ನು ಹಚ್ಚಿದನು. ಹಸುವಿನ ಸಿಡುಬು ಮನುಷ್ಯನನ್ನು ಕೊಲ್ಲುವುದಿಲ್ಲ, ಆದರೆ ಸಿಡುಬಿನಿಂದ ರಕ್ಷಣೆ ಕೊಡುತ್ತದೆ. ಲಸಿಕೆಯ ಯುಗ ಇಲ್ಲಿಂದ ಆರಂಭವಾಯಿತು.

ಆ ದ್ರವ ಭಾರತಕ್ಕೆ ಬಂದ ದಾರಿ ಕುತೂಹಲಕರವಾಗಿದೆ. ಆಗ ಶೀತಕ ಪೆಟ್ಟಿಗೆಗಳಿರಲಿಲ್ಲ. ಹಡಗಿನಲ್ಲಿ ಕಳಿಸಿದರೆ ದಾರಿಯಲ್ಲೇ ಒಣಗಿ ಶಕ್ತಿ ಕಳೆದುಕೊಳ್ಳುತ್ತಿತ್ತು. ವಿಯೆನ್ನಾದ ವೈದ್ಯ ಜೀನ್ ದ ಕಾರೋ ಅದನ್ನು ಬಾಗ್ದಾದಿಗೆ ಕಳಿಸಿದನು. ಬಾಗ್ದಾದಿನಿಂದ ಬಸ್ರಾ, ಬಸ್ರಾದಿಂದ ಮುಂಬಯಿ. 1802ರ ಜೂನ್ 14ರಂದು ಮುಂಬಯಿಯಲ್ಲಿ ಅನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಬಾಲಕಿ ಭಾರತದಲ್ಲಿ ಲಸಿಕೆ ಪಡೆದ ಮೊದಲ ವ್ಯಕ್ತಿಯಾದಳು. ಆಕೆಯ ತೋಳಿನ ಗುಳ್ಳೆಯ ದ್ರವವನ್ನು ಇತರ ಮಕ್ಕಳಿಗೆ, ಅವರಿಂದ ಮತ್ತೆ ಬೇರೆ ಮಕ್ಕಳಿಗೆ, ಹೀಗೆ ತೋಳಿನಿಂದ ತೋಳಿಗೆ ದಾಟಿಸುತ್ತಾ ಲಸಿಕೆ ಊರಿಂದೂರಿಗೆ ಪ್ರಯಾಣ ಮಾಡಿತು. ಅಂದಿನ ಬಡ ಮಕ್ಕಳ ತೋಳುಗಳೇ ಅದರ ಸಾಗಣೆಯ ಪೆಟ್ಟಿಗೆಗಳಾಗಿದ್ದವು ಎಂಬುದನ್ನು ನಾವು ಮರೆಯಬಾರದು.

ಜನರು ಸುಲಭವಾಗಿ ಒಪ್ಪಲಿಲ್ಲ. ಯಾರದೋ ಮೈಯ ದ್ರವವನ್ನು ನಮ್ಮ ಮಗುವಿನ ಮೈಗೆ ಸೇರಿಸುವುದು ಹೇಗೆ ಎಂದು ಕೇಳಿದರು. ಜಾತಿಯ ಅಡ್ಡಿ ಒಂದು ಕಡೆ, ಪರಕೀಯ ಕಂಪನಿ ಸರ್ಕಾರದ ಮೇಲಿನ ಅನುಮಾನ ಇನ್ನೊಂದು ಕಡೆ. ಆ ಭಯದಲ್ಲಿ ಸತ್ಯದ ಅಂಶವೂ ಇತ್ತು. ತೋಳಿನಿಂದ ತೋಳಿಗೆ ದಾಟಿಸುವಾಗ ಬೇರೆ ರೋಗಗಳೂ ದಾಟಬಹುದಾಗಿತ್ತು. ಈ ದೋಷವನ್ನು ವೈದ್ಯರೂ ಒಪ್ಪಿಕೊಂಡ ಮೇಲೆ ಕರುವಿನ ಚರ್ಮದ ಮೇಲೆ ಲಸಿಕೆ ಬೆಳೆಸುವ ಪದ್ಧತಿ ಬಂತು. ದೂರು ಕೇಳಿದ್ದರಿಂದ ಲಸಿಕೆ ಸುಧಾರಿಸಿತು. ಇದು ಈ ಇತಿಹಾಸದಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿ.

ಮೈಸೂರಿನ ರಾಣಿಯ ತೋಳು

ನಮ್ಮ ನಾಡಿನ ಒಂದು ಪ್ರಸಂಗವನ್ನು ಇಲ್ಲಿ ಹೇಳಲೇಬೇಕು. ಐರಿಷ್ ಚಿತ್ರಕಾರ ಥಾಮಸ್ ಹಿಕ್ಕಿ 1805ರ ಸುಮಾರಿಗೆ ಮೂವರು ರಾಜಸ್ತ್ರೀಯರ ಒಂದು ತೈಲಚಿತ್ರ ಬರೆದನು. ಈ ಹೆಂಗಸರು ಯಾರೆಂದು ಬಹಳ ಕಾಲ ಸರಿಯಾಗಿ ಗೊತ್ತಿರಲಿಲ್ಲ. ಇತಿಹಾಸಕಾರ ನೈಜಲ್ ಚಾನ್ಸಲರ್ ಇದನ್ನು ಅಧ್ಯಯನ ಮಾಡಿ, ಇವರು ಮೈಸೂರು ಅರಮನೆಯವರು ಎಂದು ವಾದಿಸಿದರು. ಅವರ ಪ್ರಕಾರ ಬಲಗಡೆ ನಿಂತಿರುವವಳು ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ದೇವಾಜಮ್ಮಣ್ಣಿ. ಆಕೆ ಸೆರಗನ್ನು ಸರಿಸಿ ತೋಳನ್ನು ತೋರುವಂತೆ ನಿಂತಿದ್ದಾಳೆ, ಅದು ಲಸಿಕೆ ಹಾಕಿದ ಜಾಗ. ಎಡಗಡೆಯ ರಾಣಿಯ ಮೂಗು ಬಾಯಿಯ ಸುತ್ತ ಬಣ್ಣ ಮಾಸಿದೆ. ಅದು ಹಳೆಯ ಗೀರುವ ಪದ್ಧತಿಯ ಗುರುತು. ಮಧ್ಯದಲ್ಲಿರುವವರು ಅರಸರ ಅಜ್ಜಿ ರಾಣಿ ಲಕ್ಷ್ಮಮ್ಮಣ್ಣಿ ಇರಬಹುದು ಎಂಬುದು ಅವರ ಊಹೆ.

ಚಿತ್ರದ ಅರ್ಥದ ಬಗ್ಗೆ ವಿದ್ವಾಂಸರು ಚರ್ಚಿಸಲಿ. ಆದರೆ 1806ರಲ್ಲಿ ಮೈಸೂರಿನ ರಾಣಿ ಲಸಿಕೆ ಪಡೆದಳು ಮತ್ತು ಅದನ್ನು ನೋಡಿ ಜನರು ಮುಂದೆ ಬಂದರು ಎಂದು ಕಂಪನಿಯ ದಾಖಲೆಯಲ್ಲಿದೆ. ಕಾನೂನು ಮಾಡುವುದಕ್ಕಿಂತ ಮುಂಚೆ ದೊಡ್ಡವರು ತಮ್ಮ ಮನೆಯವರ ತೋಳನ್ನೇ ಮುಂದೆ ಚಾಚಿದರು. ಜನರಿಗೆ ಧೈರ್ಯ ಬರುವುದು ಹೀಗೆಯೇ.

ಪ್ಲೇಗಿನ ಕಾಲ: ಹುಬ್ಬಳ್ಳಿ, ಬೆಂಗಳೂರು ಮತ್ತು ಮುಲ್ಕೋವಾಲ್

1896ರಲ್ಲಿ ಮುಂಬಯಿಗೆ ಪ್ಲೇಗ್ ಬಂತು. ಅಲ್ಲಿ ಪ್ರಯೋಗಾಲಯ ತೆರೆದ ವಾಲ್ಡೆಮಾರ್ ಹಾಫ್‌ಕಿನ್ ಎಂಬ ವಿಜ್ಞಾನಿ ಪ್ಲೇಗ್ ಲಸಿಕೆಯನ್ನು ತಯಾರಿಸಿ 1897ರ ಜನವರಿ 10ರಂದು ಮೊದಲು ತನಗೇ ಚುಚ್ಚಿಕೊಂಡನು. ಅದರಿಂದ ಅವನಿಗೆ ಜ್ವರವೂ ನೋವೂ ಬಂದವು. ಜನರು ಹೆದರಿದ್ದಾಗ, ಆಗಿನ್ನೂ ಇಪ್ಪತ್ತರ ಪ್ರಾಯದ ಆಗಾ ಖಾನ್ ಮೂರನೆಯವರು ತಮ್ಮ ಅನುಯಾಯಿಗಳ ಎದುರಿಗೇ ಲಸಿಕೆ ಹಾಕಿಸಿಕೊಂಡರು. ಪ್ರಯೋಗಾಲಯಕ್ಕೆ ಮುಂಬಯಿಯ ತಮ್ಮ ಕಟ್ಟಡವನ್ನೂ ಕೊಟ್ಟರು. ಮೈಸೂರಿನ ರಾಣಿ ಮಾಡಿದ ಕೆಲಸವನ್ನೇ ಅವರೂ ಮಾಡಿದರು ಎನ್ನಬಹುದು.

1898ರಲ್ಲಿ ಹುಬ್ಬಳ್ಳಿಯಲ್ಲಿ ಪ್ಲೇಗ್ ಹರಡಿದಾಗ ಡಾಕ್ಟರ್ ಲೂಮನ್ ಎಂಬವರ ನೇತೃತ್ವದಲ್ಲಿ ಹತ್ತಾರು ಸಾವಿರ ಜನರು ಈ ಲಸಿಕೆ ಪಡೆದರು. ಅದೇ ವರ್ಷ ಆಗಸ್ಟಿನಲ್ಲಿ ಪ್ಲೇಗ್ ಬೆಂಗಳೂರನ್ನು ತಲುಪಿತು. ಮಲ್ಲೇಶ್ವರ ಮತ್ತು ಬಸವನಗುಡಿ ಬಡಾವಣೆಗಳು ಆ ಸಂಕಟದ ಕಾಲದಲ್ಲಿ ರೂಪುಗೊಂಡವು. ಪ್ಲೇಗಮ್ಮನ ಗುಡಿಗಳು ಇಂದಿಗೂ ನಗರದಲ್ಲಿವೆ. ಈ ಸಂದರ್ಭದಲ್ಲಿ ಬೆಂಗಳೂರಿನ ಪ್ಲೇಗ್ ಶಿಬಿರಗಳಲ್ಲಿ ದುಡಿದವರಲ್ಲಿ ಡಾಕ್ಟರ್ ಪದ್ಮನಾಭನ್ ಪಲ್ಪು ಒಬ್ಬರು. ತಿರುವಾಂಕೂರಿನಲ್ಲಿ ಜಾತಿಯ ಕಾರಣಕ್ಕೆ ಸರ್ಕಾರಿ ಕೆಲಸ ಸಿಗದ ಅವರನ್ನು ಮೈಸೂರು ಸಂಸ್ಥಾನ ಬರಮಾಡಿಕೊಂಡು ಲಸಿಕೆ ತಯಾರಿಕೆಯ ಕೆಲಸದಲ್ಲಿ ನೇಮಿಸಿತ್ತು.

ಈಗ ಕಹಿಯಾದ ಒಂದು ಘಟನೆಯನ್ನು ಹೇಳಬೇಕಾಗಿದೆ. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಜನರಿಗೆ ಪ್ಲೇಗ್ ಲಸಿಕೆ ಹಾಕಲಾಯಿತು. ಅವರಲ್ಲಿ ಒಂದೇ ಬಾಟಲಿಯಿಂದ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ಸತ್ತರು. ಎಲ್ಲರೂ ಹಾಫ್‌ಕಿನ್‌ನನ್ನು ದೂರಿದರು, ಆತ ಕೆಲಸ ಕಳೆದುಕೊಂಡನು. ಬಾಟಲಿ ತೆರೆಯುವಾಗ ನೆಲಕ್ಕೆ ಬಿದ್ದ ಇಕ್ಕಳವನ್ನು ಸರಿಯಾಗಿ ಶುದ್ಧಗೊಳಿಸದೆ ಬಳಸಿದ ವಿಷಯ ಆಮೇಲೆ ಬೆಳಕಿಗೆ ಬಂತು. 1907ರಲ್ಲಿ ಅವನು ದೋಷಮುಕ್ತನಾದನು.

ಓದುಗರು ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಲಸಿಕೆಯ ಗುಣದಿಂದಲೇ ಬರುವ ತೊಂದರೆ ಒಂದು. ಲಸಿಕೆ ಹಾಕುವವರ ಅಜಾಗರೂಕತೆಯಿಂದ ಬರುವ ತೊಂದರೆ ಇನ್ನೊಂದು. ಲಸಿಕೆ ಹಾಕಿದ ದಿನ ಕಾಕತಾಳೀಯವಾಗಿ ಬರುವ ಬೇರೆ ಕಾಯಿಲೆ ಮೂರನೆಯದು. ಸತ್ತವರ ಮನೆಯವರಿಗೆ ಮೂರೂ ಒಂದೇ ದುಃಖ. ಆದರೆ ಪರಿಹಾರ ಮೂರಕ್ಕೂ ಬೇರೆ. ಮುಲ್ಕೋವಾಲ್ ಕಲಿಸಿದ ಪಾಠ ಶುದ್ಧ ಸೂಜಿ, ಶುದ್ಧ ಬಾಟಲಿ ಮತ್ತು ಪ್ರಾಮಾಣಿಕ ತನಿಖೆ. ಇಂದು ಸರ್ಕಾರಿ ಲಸಿಕಾ ಕೇಂದ್ರದಲ್ಲಿ ಒಮ್ಮೆ ಬಳಸಿ ತಾನಾಗಿ ಕೆಡುವ ಸಿರಿಂಜನ್ನು ಉಪಯೋಗಿಸುವುದರ ಹಿಂದೆ ಇಂತಹ ಅನುಭವಗಳಿವೆ.

ಹೆಬ್ಬಾಳದ ಸೀರಂ ಸಂಸ್ಥೆ

ಚಿಕ್ಕಜಾಲದಿಂದ ಬಳ್ಳಾರಿ ರಸ್ತೆಯಲ್ಲಿ ನಗರದ ಕಡೆ ಹೋದರೆ ಯಲಹಂಕ ದಾಟಿ ಹೆಬ್ಬಾಳ ಸಿಗುತ್ತದೆ. ಅಲ್ಲಿ 1925ರಲ್ಲಿ ಮೈಸೂರು ಸರ್ಕಾರ ಸೀರಂ ಸಂಸ್ಥೆಯನ್ನು ಸ್ಥಾಪಿಸಿತು. ದನಗಳ ದೊಡ್ಡರೋಗವನ್ನು ತಡೆಯುವುದು ಅದರ ಉದ್ದೇಶವಾಗಿತ್ತು. ಆ ರೋಗ ಬಂದರೆ ಕೊಟ್ಟಿಗೆಗೆ ಕೊಟ್ಟಿಗೆಯೇ ಖಾಲಿಯಾಗುತ್ತಿತ್ತು. ಲಸಿಕೆಯ ಬಲದಿಂದ ಭಾರತ 2006ರಲ್ಲಿ ಅದರಿಂದ ಮುಕ್ತವೆಂದು ಮಾನ್ಯತೆ ಪಡೆಯಿತು. 2011ರಲ್ಲಿ ಇಡೀ ಪ್ರಪಂಚವೇ ಮುಕ್ತವಾಯಿತು. ಮನುಷ್ಯರ ಸಿಡುಬಿನ ನಂತರ ಭೂಮಿಯಿಂದ ಅಳಿದ ಎರಡನೆಯ ರೋಗ ಇದು. ನಮ್ಮ ಜಾಲ ಹೋಬಳಿಯ ರೈತರು ಕಾಲುಬಾಯಿ ರೋಗಕ್ಕೆ ದನಗಳಿಗೆ ತಪ್ಪದೆ ಲಸಿಕೆ ಹಾಕಿಸುತ್ತಾರೆ. ಹಾಕಿಸಿದ ದಿನ ಹಸು ಹಾಲು ಕಡಿಮೆ ಕೊಡುತ್ತದೆ ಎಂಬುದು ಅವರಿಗೆ ಗೊತ್ತು. ಆದರೂ ಹಾಕಿಸುತ್ತಾರೆ, ಏಕೆಂದರೆ ರೋಗ ಬಂದರೆ ಆಗುವ ನಷ್ಟವನ್ನು ಅವರು ಕಣ್ಣಾರೆ ಕಂಡಿದ್ದಾರೆ. ಮಕ್ಕಳ ರೋಗಗಳನ್ನು ಮಾತ್ರ ನಮ್ಮ ತಲೆಮಾರು ಕಣ್ಣಾರೆ ಕಂಡಿಲ್ಲ. ಕಾಣದ ರೋಗಕ್ಕಿಂತ ಕಾಣುವ ಜ್ವರ ದೊಡ್ಡದಾಗಿ ತೋರುವುದು ಸಹಜ.

ಸೂಜಿಗೆ ಹೆದರಿದ ಅಡುಗೆಯವನು

ಸಿಡುಬಿನ ಕಥೆಯ ಕೊನೆಯ ಪುಟ ಸೊಮಾಲಿಯಾದಲ್ಲಿದೆ. ಮೆರ್ಕಾ ಊರಿನ ಆಸ್ಪತ್ರೆಯ ಅಡುಗೆಯವ ಅಲಿ ಮಾವ್ ಮಾಲಿನ್‌ಗೆ 1977ರ ಅಕ್ಟೋಬರಿನಲ್ಲಿ ಸಿಡುಬು ಬಂತು. ಸ್ವಾಭಾವಿಕವಾಗಿ ಹರಡಿದ ಸಿಡುಬಿಗೆ ಪ್ರಪಂಚದಲ್ಲಿ ಅವನೇ ಕೊನೆಯ ರೋಗಿ. ಆಸ್ಪತ್ರೆಯಲ್ಲೇ ಕೆಲಸ ಮಾಡುತ್ತಿದ್ದರೂ, ಚುಚ್ಚಿದರೆ ನೋಯುತ್ತದೆ ಎಂದು ಹೆದರಿ ಅವನು ಲಸಿಕೆ ಹಾಕಿಸಿಕೊಂಡಿರಲಿಲ್ಲ. ಅವನು ಬದುಕಿ ಉಳಿದನು. ಮುಂದೆ ಪೋಲಿಯೋ ಕಾರ್ಯಕ್ರಮದಲ್ಲಿ ಊರೂರು ತಿರುಗಿ ಪೋಷಕರಿಗೆ ತನ್ನ ಕಥೆಯನ್ನೇ ಹೇಳಿದನು. 2013ರಲ್ಲಿ ಅದೇ ಸೇವೆಯಲ್ಲಿದ್ದಾಗ ಮಲೇರಿಯಾದಿಂದ ತೀರಿಕೊಂಡನು.

1980ರಲ್ಲಿ ಸಿಡುಬು ಅಳಿದಿದೆ ಎಂದು ಘೋಷಣೆಯಾಯಿತು. ಆಮೇಲೆ ಏನಾಯಿತು ಗೊತ್ತೇ? ಸಿಡುಬಿನ ಲಸಿಕೆಯನ್ನು ನಿಲ್ಲಿಸಲಾಯಿತು. ಆ ಲಸಿಕೆಯಿಂದ ಹತ್ತು ಲಕ್ಷಕ್ಕೆ ಒಬ್ಬಿಬ್ಬರು ಸಾಯುತ್ತಿದ್ದರು. ರೋಗ ಇದ್ದಾಗ ಆ ಅಪಾಯ ಹಗುರವಾಗಿತ್ತು. ರೋಗವೇ ಇಲ್ಲವಾದ ಮೇಲೆ ಅದೇ ಅಪಾಯ ಭಾರವಾಯಿತು. ತಕ್ಕಡಿಯನ್ನು ಪ್ರಾಮಾಣಿಕವಾಗಿ ಹಿಡಿಯುವುದು ಎಂದರೆ ಇದು. ಲಸಿಕೆ ಬೇಕೆನ್ನುವವರೇ ಅದು ಬೇಡವಾದ ದಿನ ಬೇಡವೆಂದರು.

ಎರಡು ಹನಿ ಮತ್ತು ಸಾವಿರ ಮಾತು

ಭಾರತದಲ್ಲಿ 1995ರಲ್ಲಿ ಪಲ್ಸ್ ಪೋಲಿಯೋ ಆರಂಭವಾಯಿತು. ಉತ್ತರ ಪ್ರದೇಶದ ಕೆಲವು ಕಡೆ, ಮುಖ್ಯವಾಗಿ ಬಡ ಮುಸ್ಲಿಮ್ ಬಸ್ತಿಗಳಲ್ಲಿ, ಈ ಹನಿಯಿಂದ ಮಕ್ಕಳಿಗೆ ಮುಂದೆ ಸಂತಾನವಾಗುವುದಿಲ್ಲ ಎಂಬ ವದಂತಿ ಹಬ್ಬಿತು. 2002ರಲ್ಲಿ ದೇಶದಲ್ಲಿ 1,600 ಮಕ್ಕಳಿಗೆ ಪೋಲಿಯೋ ಬಂತು. ಅವರಲ್ಲಿ ಬಹುಪಾಲು ಉತ್ತರ ಪ್ರದೇಶದವರು. ವೈರಸ್ಸಿಗೆ ರಾಜ್ಯಗಳ ಗಡಿ ತಿಳಿಯದು. ಅದು ಪ್ರಯಾಣಿಕರ ಜೊತೆ ದಕ್ಷಿಣಕ್ಕೂ ಬಂತು. 2003ರಲ್ಲಿ ನಮ್ಮ ಕರ್ನಾಟಕದಲ್ಲೇ 36 ಮಕ್ಕಳು ಪೋಲಿಯೋಗೆ ತುತ್ತಾದರು. ಅವರು ಈಗ ಇಪ್ಪತ್ತು ದಾಟಿದ ಯುವಕ ಯುವತಿಯರಾಗಿರಬೇಕು.

ಪೋಷಕರ ಇನ್ನೊಂದು ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು: "ನಮಗೆ ಕುಡಿಯುವ ನೀರಿಲ್ಲ, ಚರಂಡಿಯಿಲ್ಲ, ಡಾಕ್ಟರಿಲ್ಲ. ಈ ಎರಡು ಹನಿ ಹಾಕಲು ಮಾತ್ರ ಪದೇ ಪದೇ ಬಾಗಿಲಿಗೆ ಏಕೆ ಬರುತ್ತೀರಿ?" ಇದಕ್ಕೆ ಎರಡು ಉತ್ತರಗಳು ದೊರೆತವು. ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ, ಅಲೀಗಢ ಮುಸ್ಲಿಮ್ ವಿಶ್ವವಿದ್ಯಾಲಯ ಮತ್ತು ಜಾಮಿಯಾ ಹಮ್‌ದರ್ದ್ ಸಂಸ್ಥೆಗಳು ಯುನಿಸೆಫ್ ಜೊತೆಗೂಡಿ ಮನೆಮನೆಗೆ ಹೋದವು, ಇಮಾಮರು ಮಸೀದಿಗಳಿಂದ ಘೋಷಣೆ ಮಾಡಿದರು, ಉಲಮಾಗಳು ಮಕ್ಕಳಿಗೆ ತಮ್ಮ ಕೈಯಾರೆ ಹನಿ ಹಾಕಿದರು. ಜೊತೆಗೆ 2009ರಿಂದ ಉತ್ತರ ಪ್ರದೇಶ ಮತ್ತು ಬಿಹಾರದ 107 ಬ್ಲಾಕುಗಳಲ್ಲಿ ಶುದ್ಧ ನೀರು, ಶೌಚಾಲಯ, ಭೇದಿಯ ಚಿಕಿತ್ಸೆ ಇವುಗಳನ್ನೂ ಸೇರಿಸಿ ಯೋಜನೆ ಮಾಡಲಾಯಿತು. 2011ರ ಜನವರಿ 13ರಂದು ಹೌರಾದಲ್ಲಿ ಕೊನೆಯ ರೋಗಿ ಕಂಡುಬಂದಳು. 2014ರ ಮಾರ್ಚ್ 27ರಂದು ಭಾರತಕ್ಕೆ ಪೋಲಿಯೋಮುಕ್ತ ಪ್ರಮಾಣಪತ್ರ ದೊರೆಯಿತು.

ಹಾಗಾದರೆ ಪೋಲಿಯೋ ಹನಿಯಲ್ಲಿ ದೋಷವೇ ಇರಲಿಲ್ಲವೇ? ಇತ್ತು. ಅದರಲ್ಲಿ ದುರ್ಬಲಗೊಳಿಸಿದ ಜೀವಂತ ವೈರಸ್ ಇರುತ್ತದೆ. ಇಪ್ಪತ್ತು ಮೂವತ್ತು ಲಕ್ಷ ಡೋಸುಗಳಿಗೆ ಒಂದು ಮಗುವಿಗೆ ಅದರಿಂದಲೇ ಪಾರ್ಶ್ವವಾಯು ಬರಬಹುದು. ಸಂತಾನದ ವದಂತಿ ಸುಳ್ಳು, ಆದರೆ ಈ ಮಾತು ನಿಜ. ಅದಕ್ಕೆಂದೇ 2015ರ ನವೆಂಬರಿನಿಂದ ನಿರ್ಜೀವ ವೈರಸ್ಸಿನ ಪೋಲಿಯೋ ಚುಚ್ಚುಮದ್ದನ್ನು ಸೇರಿಸಲಾಯಿತು. 2016ರ ಏಪ್ರಿಲಿನಲ್ಲಿ, ಪ್ರಕೃತಿಯಲ್ಲಿ ಅಳಿದುಹೋಗಿದ್ದ ಎರಡನೆಯ ತಳಿಯನ್ನು ಹನಿಯಿಂದ ತೆಗೆದುಹಾಕಲಾಯಿತು. ಇಲ್ಲಿಯೂ ತೂಕ ಬದಲಾದಾಗ ಲಸಿಕೆ ಬದಲಾಯಿತು.

ದಡಾರ-ರುಬೆಲ್ಲಾ ಮತ್ತು ಮೊಬೈಲಿನ ಸಂದೇಶಗಳು

2017ರ ಫೆಬ್ರವರಿಯಲ್ಲಿ ದೇಶದ ದಡಾರ-ರುಬೆಲ್ಲಾ ಅಭಿಯಾನದ ಮೊದಲ ಹಂತ ಬೆಂಗಳೂರಿನಲ್ಲಿ ಉದ್ಘಾಟನೆಯಾಯಿತು. ಕರ್ನಾಟಕ, ತಮಿಳುನಾಡು, ಗೋವಾ, ಪುದುಚೇರಿ ಮತ್ತು ಲಕ್ಷದ್ವೀಪಗಳಲ್ಲಿ 9 ತಿಂಗಳಿನಿಂದ 15 ವರ್ಷದೊಳಗಿನ ಮಕ್ಕಳಿಗೆ ಶಾಲೆಗಳಲ್ಲೇ ಲಸಿಕೆ ಹಾಕಲಾಯಿತು. ಆಗ ವಾಟ್ಸಾಪಿನಲ್ಲಿ ಬಂದ ಸಂದೇಶಗಳು ನಿಮಗೆ ನೆನಪಿರಬಹುದು. ಮಗು ಸತ್ತಿತು, ಇದು ಹೊಸ ಪ್ರಯೋಗ, ಇದು ವಿದೇಶದ ಪಿತೂರಿ, ಹೀಗೆ. ವಾಸ್ತವದಲ್ಲಿ ಆ ಲಸಿಕೆ ತಯಾರಾದದ್ದು ಪುಣೆಯಲ್ಲಿ. ಅನೇಕ ದೇಶಗಳು ಅದನ್ನು ಮೊದಲೇ ಬಳಸುತ್ತಿದ್ದವು.

ಈ ಲಸಿಕೆಯಿಂದ ಆಗುವ ತೊಂದರೆಗಳನ್ನು ಮುಚ್ಚಿಡುವ ಅಗತ್ಯವಿಲ್ಲ. ಒಂದು ವಾರದ ನಂತರ ನೂರಕ್ಕೆ ಐದರಿಂದ ಹದಿನೈದು ಮಕ್ಕಳಿಗೆ ಜ್ವರ ಬರಬಹುದು. ಕೆಲವರಿಗೆ ಮೈಮೇಲೆ ಸಣ್ಣ ಗಂಧೆ ಏಳಬಹುದು. ಕೆಲವು ಸಾವಿರಕ್ಕೆ ಒಂದು ಮಗುವಿಗೆ ಜ್ವರದಿಂದ ಫಿಟ್ಸ್ ಬರಬಹುದು. ತೀವ್ರವಾದ ಅಲರ್ಜಿ ಸುಮಾರು ಹತ್ತು ಲಕ್ಷಕ್ಕೆ ಒಂದು. ಈಗ ತಕ್ಕಡಿಯ ಇನ್ನೊಂದು ತಟ್ಟೆ ನೋಡಿ. ದಡಾರ ಬಂದ ಸಾವಿರ ಮಕ್ಕಳಲ್ಲಿ ಸುಮಾರು ಒಬ್ಬರಿಗೆ ಮಿದುಳಿನ ಉರಿಯೂತವಾಗುತ್ತದೆ. ಇನ್ನೂ ಅನೇಕರಿಗೆ ನ್ಯುಮೋನಿಯಾ ಬರುತ್ತದೆ. ಪೌಷ್ಟಿಕ ಆಹಾರವಿಲ್ಲದ ಮಗುವಿಗೆ ಕಣ್ಣು ಹೋಗಬಹುದು, ಪ್ರಾಣವೂ ಹೋಗಬಹುದು. ಗರ್ಭಿಣಿಗೆ ರುಬೆಲ್ಲಾ ಬಂದರೆ ಹುಟ್ಟುವ ಮಗು ಕುರುಡು ಅಥವಾ ಕಿವುಡಾಗಬಹುದು.

ಇದು ಪುಸ್ತಕದ ಮಾತಷ್ಟೇ ಅಲ್ಲ. 2022ರ ಕೊನೆಯಲ್ಲಿ ಮುಂಬಯಿಯ ಗೋವಂಡಿ ಮತ್ತಿತರ ಕಡೆಗಳಲ್ಲಿ ದಡಾರ ಹರಡಿ ಹತ್ತಕ್ಕೂ ಹೆಚ್ಚು ಮಕ್ಕಳು ಸತ್ತರು. ಬಹುತೇಕರು ಲಸಿಕೆ ಪೂರ್ತಿ ಪಡೆಯದವರು. 2015 ಮತ್ತು 2016ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಗಂಟಲಮಾರಿ ರೋಗಕ್ಕೆ ಮಕ್ಕಳು ಬಲಿಯಾದರು. ಅಲ್ಲಿ ಸಾಕ್ಷರತೆಗೆ ಕೊರತೆಯಿರಲಿಲ್ಲ. ವದಂತಿಗೆ ಅಕ್ಷರಸ್ಥರೂ ಸಿಲುಕುತ್ತಾರೆ.

ಈ ಲಸಿಕೆಯಿಂದ ಮಕ್ಕಳಿಗೆ ಆಟಿಸಂ ಬರುತ್ತದೆ ಎಂಬ ಮಾತನ್ನೂ ಕೇಳುತ್ತೇವೆ. ಇದರ ಮೂಲ 1998ರಲ್ಲಿ ಇಂಗ್ಲೆಂಡಿನ ಆಂಡ್ರ್ಯೂ ವೇಕ್‌ಫೀಲ್ಡ್ ಕೇವಲ 12 ಮಕ್ಕಳ ಬಗ್ಗೆ ಪ್ರಕಟಿಸಿದ ಲೇಖನ. ಅದರಲ್ಲಿ ಅಪ್ರಾಮಾಣಿಕತೆ ಸಾಬೀತಾಗಿ 2010ರಲ್ಲಿ ಪತ್ರಿಕೆ ಅದನ್ನು ಹಿಂತೆಗೆದುಕೊಂಡಿತು. ಆತನ ಹೆಸರನ್ನು ವೈದ್ಯರ ಪಟ್ಟಿಯಿಂದ ತೆಗೆಯಲಾಯಿತು. ಲಕ್ಷಾಂತರ ಮಕ್ಕಳ ಮೇಲೆ ನಡೆದ ಅಧ್ಯಯನಗಳಲ್ಲಿ ಅಂತಹ ಸಂಬಂಧ ಕಾಣಲಿಲ್ಲ. ಕೋವಿಡ್ ಲಸಿಕೆಯ ಅಪರೂಪದ ರಕ್ತ ಹೆಪ್ಪುಗಟ್ಟುವ ತೊಂದರೆಯ ಸುದ್ದಿ 2024ರಲ್ಲಿ ಬಂದಾಗಲೂ ಕೆಲವರು ಅದನ್ನು ಮಕ್ಕಳ ಎಲ್ಲ ಲಸಿಕೆಗಳಿಗೂ ಅಂಟಿಸಿದರು. ಒಂದೊಂದು ಲಸಿಕೆಯೂ ಬೇರೆ. ಒಂದರ ದೋಷವನ್ನು ಇನ್ನೊಂದರ ತಲೆಗೆ ಕಟ್ಟುವುದು ನ್ಯಾಯವಲ್ಲ.

ಇನ್ನು ಹಲಾಲ್–ಹರಾಮ್ ಪ್ರಶ್ನೆ. 2018ರಲ್ಲಿ ಇಂಡೋನೇಷ್ಯಾದ ಉಲಮಾ ಮಂಡಳಿ ಇದೇ ಪುಣೆಯ ದಡಾರ-ರುಬೆಲ್ಲಾ ಲಸಿಕೆಯ ಬಗ್ಗೆ ವಿಚಾರ ಮಾಡಿತು. ತಯಾರಿಕೆಯಲ್ಲಿ ಬಳಸಿದ ಪದಾರ್ಥದ ಬಗ್ಗೆ ಆಕ್ಷೇಪವಿದ್ದರೂ, ಬೇರೆ ಹಲಾಲ್ ಲಸಿಕೆ ಸಿಗದಿರುವಾಗ ಮತ್ತು ರೋಗದ ಅಪಾಯವಿರುವಾಗ ಜರೂರತ್ತಿನ ಕಾರಣಕ್ಕೆ ಅದನ್ನು ಬಳಸಬಹುದು ಎಂದು ಫತ್ವಾ ನೀಡಿತು. ಪ್ರಶ್ನೆ ಇದ್ದವರು ಮೊಬೈಲನ್ನು ಕೇಳದೆ ಬಲ್ಲ ಆಲಿಮರನ್ನೂ ವೈದ್ಯರನ್ನೂ ಒಟ್ಟಿಗೆ ಕೇಳಲಿ.

ಜಪಾನ್ ಕಲಿಸಿದ ಪಾಠ

ಅಡ್ಡ ಪರಿಣಾಮದ ಭಯದಿಂದ ಲಸಿಕೆ ನಿಲ್ಲಿಸಿದರೆ ಏನಾಗುತ್ತದೆ? ಇದಕ್ಕೆ ಜಪಾನ್ ಉತ್ತರ ಕೊಟ್ಟಿದೆ. ಅಲ್ಲಿ ನಾಯಿಕೆಮ್ಮಿನ ಲಸಿಕೆಯ ನಂತರ ಇಬ್ಬರು ಶಿಶುಗಳು ಸತ್ತಾಗ 1975ರಲ್ಲಿ ಲಸಿಕೆಯನ್ನು ಕೆಲಕಾಲ ನಿಲ್ಲಿಸಲಾಯಿತು. ಪುನಃ ಆರಂಭಿಸಿದರೂ ಪೋಷಕರು ಬರಲಿಲ್ಲ. 1974ರಲ್ಲಿ 400ಕ್ಕಿಂತ ಕಡಿಮೆ ಮಕ್ಕಳಿಗೆ ಈ ರೋಗ ಬಂದಿತ್ತು, ಸಾವು ಒಂದೂ ಇರಲಿಲ್ಲ. 1979ರಲ್ಲಿ 13,000 ಮಕ್ಕಳಿಗೆ ಬಂತು, 41 ಮಂದಿ ಸತ್ತರು. ಆದರೆ ಜಪಾನೀಯರು ಪೋಷಕರ ದೂರನ್ನು ಕಡೆಗಣಿಸಲಿಲ್ಲ. ಅವರ ವಿಜ್ಞಾನಿಗಳು ಜ್ವರ ಮತ್ತು ಊತ ಕಡಿಮೆ ಇರುವ ಹೊಸ ಲಸಿಕೆ ತಯಾರಿಸಿ 1981ರಲ್ಲಿ ಬಳಕೆಗೆ ತಂದರು. ಪೋಷಕರ ಭಯದಿಂದ ಒಳ್ಳೆಯದೂ ಆಯಿತು, ಕೆಟ್ಟದೂ ಆಯಿತು. ದೂರು ಕೊಟ್ಟದ್ದರಿಂದ ಒಳ್ಳೆಯದಾಯಿತು, ಲಸಿಕೆ ಬಿಟ್ಟದ್ದರಿಂದ ಕೆಟ್ಟದಾಯಿತು.

ಪೋಷಕರಲ್ಲಿ ಒಂದು ಮನವಿ

ಆದ್ದರಿಂದ ಓದುಗರೇ, ಪ್ರಶ್ನೆ ಕೇಳುವುದನ್ನು ಬಿಡಬೇಡಿ. ಕೇಳಿ, ಆದರೆ ಉತ್ತರ ಬಲ್ಲವರನ್ನು ಕೇಳಿ. ಲಸಿಕೆ ಹಾಕುವ ಸಹೋದರಿ ನಿಮಗೆ ನಾಲ್ಕು ವಿಷಯ ಹೇಳಬೇಕೆಂಬ ನಿಯಮವಿದೆ. ಯಾವ ಲಸಿಕೆ, ಯಾವ ರೋಗಕ್ಕೆ? ಹಾಕಿದ ಮೇಲೆ ಏನಾಗಬಹುದು, ಆದರೆ ಏನು ಮಾಡಬೇಕು? ಮುಂದೆ ಯಾವಾಗ ಬರಬೇಕು? ಕಾರ್ಡನ್ನು ಜೋಪಾನವಾಗಿಟ್ಟು ತರಬೇಕು. ಅವರು ಅವಸರದಲ್ಲಿ ಮರೆತರೆ ನೀವೇ ಕೇಳಿ, ಅದು ನಿಮ್ಮ ಹಕ್ಕು. ಲಸಿಕೆ ಹಾಕಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕುಳಿತಿರಿ. ತೀವ್ರ ಅಲರ್ಜಿಯಾದರೆ ಸಾಮಾನ್ಯವಾಗಿ ಆ ಅವಧಿಯಲ್ಲೇ ಆಗುತ್ತದೆ, ಅದಕ್ಕೆ ಔಷಧ ಅವರ ಬಳಿ ಇರುತ್ತದೆ. ಮಗುವಿಗೆ ಹಿಂದೆ ಯಾವುದಾದರೂ ಲಸಿಕೆಯಿಂದ ತೀವ್ರ ತೊಂದರೆಯಾಗಿದ್ದರೆ, ಫಿಟ್ಸ್ ಬಂದಿದ್ದರೆ, ಅಥವಾ ರೋಗನಿರೋಧಕ ಶಕ್ತಿ ಕುಗ್ಗಿಸುವ ಕಾಯಿಲೆಯಿದ್ದರೆ ಮೊದಲೇ ಹೇಳಿ. ಕೆಲವು ಮಕ್ಕಳಿಗೆ ಕೆಲವು ಲಸಿಕೆಗಳನ್ನು ಹಾಕಬಾರದು, ಅದನ್ನು ವೈದ್ಯರು ತೀರ್ಮಾನಿಸುತ್ತಾರೆ. ಮನೆಗೆ ಬಂದ ಮೇಲೆ ಜ್ವರ ಇಳಿಯದಿದ್ದರೆ, ಮಗು ಗಂಟೆಗಟ್ಟಲೆ ಒಂದೇ ಸಮನೆ ಅತ್ತರೆ, ಮಂಕಾದರೆ, ತಡ ಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ ಮತ್ತು ಆಶಾ ಕಾರ್ಯಕರ್ತೆಗೆ ತಿಳಿಸಿ. ಅಂತಹ ಘಟನೆಗಳನ್ನು ದಾಖಲಿಸಿ ತನಿಖೆ ಮಾಡುವ ಸಮಿತಿಗಳು ಜಿಲ್ಲೆಯಿಂದ ದೆಹಲಿಯವರೆಗೆ ಇವೆ. ನಿಮ್ಮ ದೂರು ಅಲ್ಲಿ ತಲುಪಿದರೆ ಮುಂದಿನ ಮಗುವಿಗೆ ಉಪಯೋಗವಾಗುತ್ತದೆ.

ನಮ್ಮ ಸುತ್ತ ಈಗ ಕಟ್ಟಡ ಕೆಲಸಕ್ಕೆ ರಾಯಚೂರು, ಕಲಬುರಗಿ, ಬಿಹಾರ, ಬಂಗಾಳಗಳಿಂದ ಬಂದ ಕುಟುಂಬಗಳು ತಗಡಿನ ಶೆಡ್ಡುಗಳಲ್ಲಿ ವಾಸಿಸುತ್ತಿವೆ. ಅವರ ಕೈಯಲ್ಲಿ ಕಾರ್ಡಿರುವುದಿಲ್ಲ, ಯಾವ ಲಸಿಕೆಯಾಗಿದೆ ಎಂಬ ನೆನಪೂ ಇರುವುದಿಲ್ಲ. ಅಂಗನವಾಡಿಯ ದಾರಿಯನ್ನು ಅವರಿಗೆ ತೋರಿಸುವುದು ನಮ್ಮಂಥವರ ಕೆಲಸ. ದಡಾರ ಶೆಡ್ಡಿನಿಂದ ಬಂಗಲೆಗೆ ಬಹಳ ಬೇಗ ನಡೆದು ಬರುತ್ತದೆ.

ಮಸೀದಿಯ ಕಮಿಟಿಯವರು, ಮದರಸಾದ ಉಸ್ತಾದರು, ಶಿಕ್ಷಕರು, ಈ ಸಂಘದ ಹಿರಿಯರು ತಮ್ಮ ತಮ್ಮ ಮನೆಯ ಮಕ್ಕಳಿಗೆ ಮೊದಲು ಲಸಿಕೆ ಹಾಕಿಸಿ, ಹಾಕಿಸಿದ್ದೇವೆಂದು ನಾಲ್ಕು ಜನರ ಎದುರಿಗೆ ಹೇಳಲಿ. ಮೈಸೂರಿನ ರಾಣಿ ಅದನ್ನೇ ಮಾಡಿದಳು, ಮುಂಬಯಿಯಲ್ಲಿ ಆಗಾ ಖಾನ್ ಅದನ್ನೇ ಮಾಡಿದರು. ಮುಂದಿನ ಲಸಿಕೆಯ ದಿನ ನಿಮ್ಮ ಮಗುವಿನ ಜೊತೆ ಪಕ್ಕದ ಮನೆಯ ಮಗುವನ್ನೂ ಕರೆದುಕೊಂಡು ಹೋಗಿ. ಕಾರ್ಡನ್ನು ಮರೆಯಬೇಡಿ.